ಹಿಮದಲ್ಲಿ ಉಳಿದ ಬರ

ನಮ್ಮ ಗದಗ ಸೀಮೆಯ ಹಿರಿಯರು ಕಾಲವನ್ನು ಬರದಿಂದ ಎಣಿಸುತ್ತಿದ್ದರು. ‘ಆ ಬರದ ಮೊದಲು’, ‘ಈ ಬರದ ಮರುವರ್ಷ’ ಎನ್ನುವುದೇ ಅವರ ಪಂಚಾಂಗ. ಎಲ್ಲಕ್ಕೂ ಭೀಕರವಾದದ್ದು 1791–92ರ ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದವೆಂದು ಆ ಹೆಸರು. ಇದು ಬರೀ ಅಜ್ಜಿಯರ ಕತೆ ಎನ್ನುವವರಿಗೆ ಈಗ ಹಿಮಾಲಯವೇ ಸಾಕ್ಷಿ ನುಡಿದಿದೆ.

ಧ್ರುವಪ್ರದೇಶದಲ್ಲಿ ಬಿದ್ದ ಹಿಮ ಕರಗದೆ ಪದರಿನ ಮೇಲೆ ಪದರಾಗಿ ಕೂಡುತ್ತದೆ, ನಾವು ಕಡಕ್ ರೊಟ್ಟಿ ಪೇರಿಸಿಟ್ಟ ಹಾಗೆ. ಕೆಳಗಿನದು ಹಳೆಯದು. ಒಳಗೆ ಸಿಕ್ಕಿಕೊಂಡ ಗುಳ್ಳೆಗಳಲ್ಲಿ ಅಂದಿನ ಗಾಳಿಯೇ ಇರುತ್ತದೆ. ಅಂಟಾರ್ಕ್ಟಿಕದಲ್ಲಿ ಕೊರೆದು ತೆಗೆದ ಹಿಮದ ಕಂಬದಿಂದ ವಿಜ್ಞಾನಿಗಳು 8 ಲಕ್ಷ ವರ್ಷಗಳ ಹವಾಮಾನ ಓದಿದ್ದಾರೆ. ನಮ್ಮ ಮುಂಗಾರಿನ ಸುದ್ದಿಗೆ ಮಾತ್ರ ಹಿಮಾಲಯಕ್ಕೇ ಹೋಗಬೇಕು. 1997ರಲ್ಲಿ ಅಮೆರಿಕದ ಲಾನಿ ಥಾಂಪ್ಸನ್ ಅವರ ತಂಡ ಟಿಬೆಟ್ಟಿನ ದಾಸುವೊಪು ಹಿಮನದಿಯನ್ನು 7,000 ಮೀಟರಿಗೂ ಎತ್ತರದಲ್ಲಿ ಕೊರೆಯಿತು. ಮುಂಗಾರು ಸೋತ ವರ್ಷಗಳ ಪದರಿನಲ್ಲಿ ಧೂಳೂ ಕ್ಲೋರೈಡೂ ಹೆಚ್ಚು. 2000ದಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಕಳೆದ ಸಾವಿರ ವರ್ಷಗಳಲ್ಲಿ 1790–96ರಷ್ಟು ತೀವ್ರವಾದ ಅನಾವೃಷ್ಟಿ ಮತ್ತೊಂದಿಲ್ಲ.

ಗಾಳಿ, ಸಮುದ್ರ, ಬಿಸಿಲುಗಳನ್ನು ಲೆಕ್ಕಕ್ಕಿಳಿಸಿ ಕಂಪ್ಯೂಟರಿನಲ್ಲಿ ಹಳೆಯ ಕಾಲವನ್ನು ಮತ್ತೆ ನಡೆಸಿ ನೋಡುವುದೂ ಉಂಟು. ಆ ಲೆಕ್ಕ ಹಿಮದ ಸಾಕ್ಷಿಗೆ ತಾಳೆಯಾದರೆ ಮುಂದಿನದಕ್ಕೂ ಅದನ್ನು ನೆಚ್ಚಲು ಧೈರ್ಯ ಬರುತ್ತದೆ.

ಆದರೆ ಇತಿಹಾಸ ಕಲಿಸುವ ನನಗೆ ಹಿಮದ ಮಾತಷ್ಟೇ ಸಾಲದು. 1791ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಧಾರವಾಡ ಕೋಟೆಗೆ ಮರಾಠರ ಮುತ್ತಿಗೆ ನಡೆದಿತ್ತು. ಮಳೆಯಿಂದ ಉಳಿದದ್ದನ್ನು ದಂಡು ಹಾಳುಮಾಡಿತು. ಮುಂದೆ ಧಾತು, ಈಶ್ವರ ಸಂವತ್ಸರಗಳ, ಅಂದರೆ 1876–78ರ ಬರ. ಆಗ ಗದಗ, ಮುಂಡರಗಿ ಮುಂಬಯಿ ಸರಕಾರದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿಯಲ್ಲಿ. ಒಡೆಯರು ಬೇರೆ, ಮುಗಿಲು ಒಂದೇ. ಇತ್ತ ಜನ ಸಾಯುತ್ತಿದ್ದರೂ ದೇಶದ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಎಂದು ಗೊತ್ತುಮಾಡಿದ. ಅಂದರೆ ಸುಮಾರು 450 ಗ್ರಾಂ. ಹೆಂಗಸರಿಗೆ ಅದಕ್ಕೂ ಕಡಿಮೆ! ದಿನವಿಡೀ ಕಲ್ಲು ಮಣ್ಣು ಹೊತ್ತ ತಾಯಿ ಅದರಲ್ಲಿ ಮಕ್ಕಳಿಗೆಷ್ಟು ಕೊಟ್ಟಾಳು, ತಾನೆಷ್ಟು ಉಂಡಾಳು?

ಮಳೆ ಎಂದು ತಪ್ಪಿತೆಂದು ಹಿಮ ಹೇಳೀತು. ಹಸಿದವರ ಪಾಲು ಎಷ್ಟಿತ್ತು, ಅದನ್ನು ಅಳೆದವರು ಯಾರು ಎಂಬುದನ್ನು ಕಾಗದಪತ್ರಗಳೂ ಮನೆಯ ಹಿರಿಯರ ಮಾತೂ ಹೇಳಬೇಕು. ನಿಮ್ಮ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬಂದ ಬರದ ಮಾತೊಂದಿದ್ದರೆ, ದಯವಿಟ್ಟು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.