ಮೋಹರಾಜಪರಾಜಯ: ಜಿನಾಲಯದ ಉತ್ಸವದಲ್ಲಿ ಆಡಿದ ಒಂದು ಸಂಸ್ಕೃತ ನಾಟಕ

ಪರಸ್ಪರ ವಿರುದ್ಧವಾದ ಎರಡು ವಸ್ತುಗಳನ್ನು ಎದುರುಬದುರಾಗಿ ನಿಲ್ಲಿಸಿ, ಒಂದರ ಬೆಳಕಿನಲ್ಲಿ ಇನ್ನೊಂದರ ಬೆಲೆಯನ್ನು ತೋರಿಸುವ ಕಲೆಯಲ್ಲಿ ನಮ್ಮ ಪ್ರಾಚೀನ ನಾಟಕಕಾರರು ಪರಿಣತರಾಗಿದ್ದರು. ಶೂದ್ರಕನ ಮೃಚ್ಛಕಟಿಕದಲ್ಲಿ ದಾನಮಾಡಿ ಬರಿಗೈಯಾದ ಸಾರ್ಥವಾಹ ಚಾರುದತ್ತನನ್ನು ಸಿರಿವಂತೆಯಾದ ಗಣಿಕೆ ವಸಂತಸೇನೆ ಪ್ರೀತಿಸುತ್ತಾಳೆ. ಚಿನ್ನದ ಬಂಡಿಯೇ ಬೇಕೆಂದು ಅಳುವ ಅವನ ಮಗುವಿನ ಮಣ್ಣಿನ ಬಂಡಿಗೆ ತನ್ನ ಒಡವೆಗಳನ್ನೇ ತುಂಬುತ್ತಾಳೆ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ತಣ್ಣನೆಯ ಬುದ್ಧಿಗೂ ಅಮಾತ್ಯ ರಾಕ್ಷಸನ ಬೆಚ್ಚನೆಯ ಸ್ವಾಮಿಭಕ್ತಿಗೂ ಹೋರಾಟ. ಇವೆಲ್ಲ ಮನುಷ್ಯರ ನಡುವಣ ವಿರೋಧಗಳು. ಆದರೆ ಮನುಷ್ಯರನ್ನು ಬಿಟ್ಟು ಗುಣಾವಗುಣಗಳನ್ನೇ ವೇಷ ತೊಡಿಸಿ ರಂಗಕ್ಕೆ ತರುವ ಇನ್ನೊಂದು ಬಗೆಯ ನಾಟಕಗಳುಂಟು. ಅವುಗಳಲ್ಲಿ ಜೈನ ಸಮಾಜವು ವಿಶೇಷವಾಗಿ ನೆನೆಯಬೇಕಾದದ್ದು ಯಶಃಪಾಲನ ‘ಮೋಹರಾಜಪರಾಜಯ’. ಈ ನಾಟಕವು ಪ್ರದರ್ಶಿತವಾದದ್ದು ಅರಮನೆಯಲ್ಲಲ್ಲ, ಒಂದು ಜಿನಮಂದಿರದ ಮಹಾವೀರ ಬಿಂಬದ ಉತ್ಸವದಲ್ಲಿ.

ಈ ಪದ್ಧತಿಯ ನಾಟಕಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದದ್ದು ಕೃಷ್ಣಮಿಶ್ರನ ಪ್ರಬೋಧಚಂದ್ರೋದಯ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ, ಚಂದೇಲ ದೊರೆ ಕೀರ್ತಿವರ್ಮನ ಆಸ್ಥಾನದಲ್ಲಿ ಇದು ಅಭಿನಯಗೊಂಡಿತು. ಇದರಲ್ಲಿ ವಿವೇಕ ಮತ್ತು ಮಹಾಮೋಹ ಇಬ್ಬರೂ ಮನಸ್ಸೆಂಬ ಒಬ್ಬನೇ ತಂದೆಯ ಮಕ್ಕಳು. ಒಬ್ಬನ ತಾಯಿ ನಿವೃತ್ತಿ, ಇನ್ನೊಬ್ಬನ ತಾಯಿ ಪ್ರವೃತ್ತಿ. ಒಂದೇ ಮನೆಯಲ್ಲಿ ಹುಟ್ಟಿದವರ ನಡುವೆಯೇ ಯುದ್ಧವೆಂಬ ಕಲ್ಪನೆ ಬಹು ಸೊಗಸಾದದ್ದು. ಆದರೆ ಅದೇ ನಾಟಕದ ಮೂರನೆಯ ಅಂಕದಲ್ಲಿ ಕವಿಯು ದಿಗಂಬರ ಕ್ಷಪಣಕನನ್ನೂ ಬೌದ್ಧ ಭಿಕ್ಷುವನ್ನೂ ಕಾಪಾಲಿಕನ ಬಲೆಗೆ ಬೀಳಿಸಿ ಪರಿಹಾಸ್ಯಕ್ಕೆ ಗುರಿಮಾಡುತ್ತಾನೆ. ಮತಗಳೊಳಗೆ ವಾದವಿರುವುದು ಸಹಜ; ಅಪರಿಗ್ರಹವನ್ನೇ ಉಸಿರಾಗಿಸಿಕೊಂಡ ಮುನಿಯನ್ನು ಕುಡುಕನ ವೇಷದಲ್ಲಿ ನಿಲ್ಲಿಸಿದ್ದು ಮಾತ್ರ ವಾದವಲ್ಲ, ಅಪವಾದ.

ಗುಣಗಳನ್ನು ಪಾತ್ರಗಳಾಗಿಸುವ ವಿದ್ಯೆಯನ್ನು ಜೈನರು ಕೃಷ್ಣಮಿಶ್ರನಿಂದಲೇ ಕಲಿತರೆನ್ನುವುದು ಸರಿಯಲ್ಲ. ಸಿದ್ಧರ್ಷಿಗಳು ‘ಉಪಮಿತಿಭವಪ್ರಪಂಚಾ ಕಥಾ’ ಎಂಬ ಬೃಹತ್ಕಥೆಯನ್ನು 906ರಲ್ಲಿಯೇ ಮುಗಿಸಿದ್ದರು. ಅದರಲ್ಲಿ ಕರ್ಮಪರಿಣಾಮನೇ ಅರಸು, ಮೋಹನು ಅವನ ಕಡೆಯ ಮಹಾವೀರ. ಆದರೆ ಅದು ಓದುವ ಕಥೆ. ಅದೇ ಬಗೆಯ ವಸ್ತುವನ್ನು ರಂಗಕ್ಕೆ ತಂದು ನಮ್ಮ ದೇಶದ ನಿಜವಾದ ಒಬ್ಬ ಅರಸನ ಚರಿತ್ರೆಯೊಡನೆ ಹೆಣೆದ ಕೀರ್ತಿ ಯಶಃಪಾಲನದು.

ಯಶಃಪಾಲನು ಮೋಢ ವಣಿಕ ಕುಲದವನು. ಮಂತ್ರಿ ಧನದೇವ ಮತ್ತು ರುಕ್ಮಿಣಿಯರ ಮಗ. ಗುಜರಾತಿನ ಚೌಲುಕ್ಯ ಚಕ್ರವರ್ತಿ ಅಜಯಪಾಲನ ಸೇವೆಯಲ್ಲಿದ್ದನು. ನಾಟಕದ ನಾಯಕನಾದರೋ ಅಜಯಪಾಲನಿಗಿಂತ ಹಿಂದೆ, ಸುಮಾರು 1143ರಿಂದ 1172ರವರೆಗೆ ಆಳಿದ ಪರಮಾರ್ಹತ ಕುಮಾರಪಾಲ. ಕಲಿಕಾಲಸರ್ವಜ್ಞರೆಂದು ಖ್ಯಾತರಾದ ಹೇಮಚಂದ್ರಾಚಾರ್ಯರ ಉಪದೇಶದಿಂದ ಜಿನಧರ್ಮಕ್ಕೆ ಒಲಿದ ದೊರೆ ಇವನು. ಉತ್ತರ ಗುಜರಾತಿನ ಥಾರಾಪದ್ರದಲ್ಲಿ (ಇಂದಿನ ಥರಾದ್) ಕುಮಾರಪಾಲನು ಕಟ್ಟಿಸಿದ ಕುಮಾರವಿಹಾರವೇ ಈ ನಾಟಕದ ಪ್ರದರ್ಶನ ಸ್ಥಳ. ಗ್ರಂಥವು ಶ್ವೇತಾಂಬರ ಸಂಪ್ರದಾಯಕ್ಕೆ ಸೇರಿದ್ದಾದರೂ ಅದರ ತಿರುಳು ಉಭಯ ಸಂಪ್ರದಾಯಗಳಿಗೂ ಸಮಾನವಾದದ್ದು.

ಐದು ಅಂಕಗಳ ಈ ನಾಟಕದಲ್ಲಿ ರಾಜ, ವಿದೂಷಕ ಮತ್ತು ಹೇಮಚಂದ್ರಾಚಾರ್ಯರನ್ನು ಬಿಟ್ಟರೆ ಪ್ರಧಾನ ಪಾತ್ರಗಳೆಲ್ಲ ಗುಣಾವಗುಣಗಳೇ. ಋಷಭ, ಪಾರ್ಶ್ವ, ಮಹಾವೀರರ ನಾಂದಿಯಾದ ಮೇಲೆ ಜ್ಞಾನದರ್ಪಣನೆಂಬ ಗೂಢಚಾರನು ಬಂದು ಸುದ್ದಿ ಹೇಳುತ್ತಾನೆ: ಮೋಹರಾಜನು ಮನುಷ್ಯನ ಮನಸ್ಸೆಂಬ ಪಟ್ಟಣಕ್ಕೆ ಮುತ್ತಿಗೆ ಹಾಕಿ ಗೆದ್ದಿದ್ದಾನೆ, ಅಲ್ಲಿಯ ದೊರೆ ವಿವೇಕಚಂದ್ರನು ಪತ್ನಿ ಶಾಂತಿಯನ್ನೂ ಮಗಳು ಕೃಪಾಸುಂದರಿಯನ್ನೂ ಕರೆದುಕೊಂಡು ಓಡಿಹೋಗಿದ್ದಾನೆ. ಕುಮಾರಪಾಲನ ಪತ್ನಿಯಾದ ಕೀರ್ತಿಮಂಜರಿಯು, ಗಂಡನು ಜೈನ ಮುನಿಯ ಮಾತು ಕೇಳಿ ತನ್ನನ್ನೂ ತನ್ನ ತಮ್ಮ ಪ್ರತಾಪನನ್ನೂ ಕಡೆಗಣಿಸಿದನೆಂದು ಮುನಿದು ಮೋಹನ ಪಕ್ಷ ಸೇರಿದ್ದಾಳೆ. ಇದು ಕವಿಯ ಸೂಕ್ಷ್ಮಬುದ್ಧಿಗೆ ಸಾಕ್ಷಿ. ಕೀರ್ತಿ ಪ್ರತಾಪಗಳು ಅರಸನಿಗೆ ಭೂಷಣವೆಂದೇ ಲೋಕ ಹೇಳುತ್ತದೆ. ಇಲ್ಲಿ ಅವು ಕೃಪೆಗೆ ಎದುರು ನಿಲ್ಲುತ್ತವೆ. ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಮಾತ್ರವೇ ವಿರೋಧವಿರುವುದಿಲ್ಲವೆಂಬುದನ್ನು ಯಶಃಪಾಲನು ಬಲ್ಲವನಾಗಿದ್ದನು.

ಎರಡನೆಯ ಅಂಕದಲ್ಲಿ ಹೇಮಚಂದ್ರರ ತಪೋವನದಲ್ಲಿ ಕೃಪಾಸುಂದರಿಯ ದರ್ಶನ. ರಾಣಿ ರಾಜ್ಯಶ್ರೀ ತನ್ನ ಸಖಿ ರೌದ್ರತೆಯೊಡನೆ ಬಂದು ಕೋಪಿಸಿಕೊಳ್ಳುತ್ತಾಳೆ. ರೌದ್ರತೆಗೆ ಎದುರಾಗಿ ಕೃಪಾಸುಂದರಿಯ ಸಖಿ ಸೌಮ್ಯತೆ. ಇಷ್ಟು ಪ್ರಣಯನಾಟಕಗಳ ರೂಢಿಯಂತೆಯೇ ಇದೆ.

ನಾಟಕದ ಜೀವವಿರುವುದು ಮೂರು ಮತ್ತು ನಾಲ್ಕನೆಯ ಅಂಕಗಳಲ್ಲಿ. ಕನ್ಯೆಯನ್ನು ಕೊಡಲು ವಿವೇಕಚಂದ್ರನು ಎರಡು ಕರಾರುಗಳನ್ನು ಒಡ್ಡುತ್ತಾನೆ. ಸಪ್ತವ್ಯಸನಗಳನ್ನು ರಾಜ್ಯದಿಂದ ಹೊರದೂಡಬೇಕು. ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ಬೊಕ್ಕಸಕ್ಕೆ ಎಳೆದುಕೊಳ್ಳುವ ಪದ್ಧತಿಯನ್ನು ನಿಲ್ಲಿಸಬೇಕು. ವ್ಯಾಪಾರಿಗಳ ಕುಲದಲ್ಲಿ ಹುಟ್ಟಿದ ಕವಿಗೆ ಈ ಎರಡನೆಯ ಕರಾರಿನ ಭಾರ ಚೆನ್ನಾಗಿ ತಿಳಿದಿತ್ತು. ಹಡಗು ಹತ್ತಿ ಹೋದ ಗಂಡನು ಮರಳಿ ಬಾರದಿದ್ದರೆ, ಗಂಡುಮಕ್ಕಳಿಲ್ಲದ ಮನೆಗೆ ಅಳುವವರಿಗಿಂತ ಮುಂಚೆ ರಾಜಭಟರು ಬರುತ್ತಿದ್ದ ಕಾಲ ಅದು. ನಾಟಕದಲ್ಲಿ ಕೋಟ್ಯಧೀಶ ಕುಬೇರನು ಸತ್ತನೆಂದು ಸುದ್ದಿ ಬರುತ್ತದೆ. ಅಷ್ಟೂ ಸಂಪತ್ತು ಕೈಗೆ ಬರುವಂತಿರುವಾಗ ಅರಸನು ಬೇಡವೆನ್ನುತ್ತಾನೆ. ಅಷ್ಟರಲ್ಲಿಯೇ ಕುಬೇರನು ಹೊಸ ಮಡದಿಯೊಡನೆ ವಿಮಾನದಲ್ಲಿ ಬಂದಿಳಿಯುತ್ತಾನೆ. ವಿಮಾನವು ಕವಿಕಲ್ಪನೆ, ಮೃತಧನವನ್ನು ಕುಮಾರಪಾಲನು ಬಿಟ್ಟುಕೊಟ್ಟದ್ದು ಕಲ್ಪನೆಯಲ್ಲ. ಹೇಮಚಂದ್ರರೇ ತಮ್ಮ ದ್ವ್ಯಾಶ್ರಯ ಮಹಾಕಾವ್ಯದಲ್ಲಿ ಇದನ್ನು ಹೇಳಿದ್ದಾರೆ.

ನಾಲ್ಕನೆಯ ಅಂಕದಲ್ಲಿ ಬೇಟೆಯ ಮತ್ತು ಮೀನುಗಾರಿಕೆಯ ಸದ್ದಿಗೆ ಕೃಪಾಸುಂದರಿ ನೊಂದುಕೊಳ್ಳುತ್ತಾಳೆ. ನಗರರಕ್ಷಕನು ಬಂದು ವ್ಯಸನಗಳನ್ನು ಒಂದೊಂದಾಗಿ ಹಿಡಿದು ಹೊರಹಾಕತೊಡಗುತ್ತಾನೆ. ದ್ಯೂತ, ಮಾಂಸಭಕ್ಷಣೆ, ಮದ್ಯಪಾನ, ಹಿಂಸೆ, ಕಳವು, ಪರದಾರಗಮನ ಇವರೆಲ್ಲ ಸುಮ್ಮನೆ ಹೋಗುವವರಲ್ಲ, ವಾದಿಸುತ್ತಾರೆ. ಹಿಂದಿನ ಅರಸರೆಲ್ಲ ತಮಗೆ ಇಂಬು ಕೊಟ್ಟಿದ್ದರು ಎಂಬುದು ಒಂದು ವಾದ. ತಮ್ಮಿಂದ ಬೊಕ್ಕಸಕ್ಕೆ ಉತ್ಪನ್ನವಿದೆ ಎಂಬುದು ಇನ್ನೊಂದು. ಎಂಟುನೂರು ವರ್ಷಗಳ ಹಿಂದಿನ ಈ ಎರಡನೆಯ ವಾದವನ್ನು ಕೇಳಿ ಅಬಕಾರಿ ಹರಾಜುಗಳನ್ನು ಕಂಡ ವಾಚಕರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಕವಿಯು ಪ್ರತಿಪಕ್ಷದ ಬಾಯಿಗೆ ಹುರುಳಿಲ್ಲದ ಮಾತನ್ನು ತುರುಕಿಲ್ಲ. ರಾಜ್ಯಕ್ಕೆ ಹಣ ಬೇಕೆಂಬುದು ನಿಜವಾದ ಮಾತು. ಅದನ್ನು ಪೂರ್ತಿ ಆಡಗೊಟ್ಟು ಆಮೇಲೆ ತಳ್ಳಿಹಾಕಿದ್ದರಿಂದಲೇ ಅಂಕಕ್ಕೆ ಕಸುವು ಬಂದಿದೆ. ಆದರೆ ವೇಶ್ಯಾವ್ಯಸನವು ಬೇಕಾದರೆ ಇರಬಹುದೆಂದು ಬಿಟ್ಟುಬಿಡುತ್ತಾರೆ! ಏಳರಲ್ಲಿ ಆರು ಮಾತ್ರ ಹೊರಟವು. ಧರ್ಮದೃಷ್ಟಿಯಿಂದ ಇದು ಕುಂದೇ ಸರಿ. ಆದರೂ ಆ ಕಾಲದ ಆಡಳಿತಕ್ಕೆ ಎಲ್ಲಿಯವರೆಗೆ ಕೈ ಚಾಚಲು ಸಾಧ್ಯವಾಗಿತ್ತೆಂಬುದನ್ನು ಕವಿ ಮುಚ್ಚಿಡಲಿಲ್ಲವೆಂಬುದಕ್ಕಾಗಿ ಇತಿಹಾಸದ ಅಭ್ಯಾಸಿಗಳು ಅವನಿಗೆ ಋಣಿಗಳಾಗಿರಬೇಕು.

ಕೊನೆಯ ಅಂಕದಲ್ಲಿ ಹೇಮಚಂದ್ರರ ಯೋಗಶಾಸ್ತ್ರವೇ ಕವಚ, ಅವರ ವೀತರಾಗಸ್ತುತಿಯೇ ಅದೃಶ್ಯನಾಗುವ ವಿದ್ಯೆ. ಅರಸನು ಕಾಣದಂತೆ ಮೋಹನ ಪಾಳೆಯವನ್ನು ಸುತ್ತಿ ನೋಡಿ, ಬಳಿಕ ಪ್ರಕಟನಾಗಿ ಯುದ್ಧ ಮಾಡಿ ಗೆಲ್ಲುತ್ತಾನೆ.

ನಾಟಕದ ಮಾತಿಗೆ ಹೊರಗಿನ ಆಧಾರವೂ ಉಂಟು. ರಾಜಸ್ಥಾನದ ಕಿರಾಡುವಿನಲ್ಲಿ ದೊರೆತ ವಿಕ್ರಮ ಸಂವತ್ 1209ರ ಶಾಸನದಲ್ಲಿ ಕುಮಾರಪಾಲನ ಸಾಮಂತ ಆಲ್ಹಣದೇವನು ಅಷ್ಟಮಿ, ಏಕಾದಶಿ, ಚತುರ್ದಶಿಗಳಂದು ಪ್ರಾಣಿವಧೆಯನ್ನು ನಿಷೇಧಿಸಿದ್ದಾನೆ. ಇನ್ನೊಂದು ಸ್ವಾರಸ್ಯ: ನಂತರದ ಕಾಲದಲ್ಲಿ ಕುಮಾರಪಾಲನ ಚರಿತ್ರೆ ಬರೆದ ಜಿನಮಂಡನಗಣಿಗಳು ಕೃಪಾಸುಂದರಿಯೊಡನೆ ನಡೆದ ವಿವಾಹಕ್ಕೆ ವಿಕ್ರಮ ಸಂವತ್ 1216 ಎಂದು ತೇದಿಯನ್ನೇ ಕೊಡುತ್ತಾರೆ. ಅದು ಅರಸನು ಶ್ರಾವಕವ್ರತ ಸ್ವೀಕರಿಸಿದ ಕಾಲವೆಂದು ವಿದ್ವಾಂಸರು ಗ್ರಹಿಸಿದ್ದಾರೆ.

ಈ ಕೃತಿಯ ಹಿಂದೆ ಇರುವ ಎಲ್ಲಕ್ಕಿಂತ ದೊಡ್ಡ ವೈರುಧ್ಯವು ರಂಗದ ಮೇಲೆ ಕಾಣದು. ಕುಮಾರಪಾಲನ ನಂತರ ಪಟ್ಟಕ್ಕೆ ಬಂದ ಅಜಯಪಾಲನು ಹಿಂದಿನ ದೊರೆ ಕಟ್ಟಿಸಿದ ಜಿನಾಲಯಗಳನ್ನು ಕೆಡವಿಸಿದನೆಂದೂ, ನಾಟ್ಯದರ್ಪಣದ ಕರ್ತೃಗಳಲ್ಲೊಬ್ಬರೂ ಹೇಮಚಂದ್ರರ ಪಟ್ಟಶಿಷ್ಯರೂ ಆದ ರಾಮಚಂದ್ರರನ್ನು ಕೊಲ್ಲಿಸಿದನೆಂದೂ ಜೈನ ಪ್ರಬಂಧಗಳು ಹೇಳುತ್ತವೆ. ಪ್ರಬಂಧಕಾರರ ಮಾತಿನಲ್ಲಿ ಸ್ವಲ್ಪ ಬಣ್ಣ ಸೇರಿರಬಹುದು. ಯಶಃಪಾಲನಂಥ ಶ್ರಾವಕನಿಗೆ ಅವನ ಬಳಿ ಅಧಿಕಾರವಿದ್ದದ್ದೂ ಸತ್ಯ. ಹೇಗೂ ಇರಲಿ, ಹೊಸ ಅರಸನ ಅನ್ನ ಉಣ್ಣುತ್ತಿದ್ದ ಒಬ್ಬ ಅಧಿಕಾರಿ, ಅವನ ಆಳಿಕೆಯಲ್ಲಿಯೇ, ಗತಿಸಿದ ಅರಸನು ಕಟ್ಟಿಸಿದ ವಿಹಾರದಲ್ಲಿ ಜನ ನೆರೆದಿರುವಾಗ ಆ ಹಿಂದಿನ ಅರಸನ ಕೃಪೆಯನ್ನು ಹಾಡಿದ್ದು ಸಾಮಾನ್ಯ ಧೈರ್ಯವಲ್ಲ.

ದಿಗಂಬರ ಪರಂಪರೆಯಲ್ಲಿಯೂ ಕೃಷ್ಣಮಿಶ್ರನಿಗೆ ಉತ್ತರವಾಗಿ ಹದಿನಾರನೆಯ ಶತಮಾನದಲ್ಲಿ ವಾದಿಚಂದ್ರಸೂರಿಗಳು ‘ಜ್ಞಾನಸೂರ್ಯೋದಯ’ವನ್ನು ಬರೆದರು, ಅವರು ಚಂದ್ರನೆಂದರೆ ಇವರು ಸೂರ್ಯನೆಂದರು. ದಕ್ಷಿಣದಲ್ಲಿ ಹದಿಮೂರನೆಯ ಶತಮಾನದ ಹಸ್ತಿಮಲ್ಲನು ವಿಕ್ರಾಂತಕೌರವ, ಮೈಥಿಲೀಕಲ್ಯಾಣ, ಅಂಜನಾಪವನಂಜಯ, ಸುಭದ್ರಾ ನಾಟಿಕೆಗಳನ್ನು ರಚಿಸಿದನಾದರೂ ಅವನು ಪುರಾಣಕಥೆಗಳ ದಾರಿ ಹಿಡಿದನು. ಮೋಹರಾಜಪರಾಜಯವು ಮಾತ್ರ ಬಹುಕಾಲ ಭಂಡಾರಗಳ ತಾಳೆಗರಿ ಕಾಗದಗಳಲ್ಲಿಯೇ ಉಳಿದು, ಮುನಿ ಚತುರವಿಜಯರ ಸಂಪಾದನೆಯಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಒಂಬತ್ತನೆಯ ಗ್ರಂಥವಾಗಿ 1918ರಲ್ಲಿ ಅಚ್ಚಾಯಿತು.