ಬೀಸುವ ಕಲ್ಲಿಗೆ ಎರಡು ನುಡಿ

ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ನಸುಕಿನಲ್ಲೇ ಜೋಳ ಬೀಸುವ ಹೆಣ್ಣುಮಕ್ಕಳು ತ್ರಿಪದಿ ಹಾಡುತ್ತಿದ್ದರು. ಕಲ್ಲು ತಿರುಗುವ ಲಯವೇ ಹಾಡಿನ ಲಯ. ಬೀಸುವ ಹಾಡಿನ ಈ ರೂಢಿಯನ್ನು ದಖ್ಖನಿನ ಸೂಫಿಗಳೂ ಹಿಡಿದರು. ದಖನಿ ಭಾಷೆಯಲ್ಲಿ ಅವರು ಕಟ್ಟಿದ ಬೀಸುವ ಹಾಡಿಗೆ ಚಕ್ಕಿನಾಮಾ ಎಂದು ಹೆಸರು. ಅದರಲ್ಲಿ ಕಲ್ಲಿನ ಹಿಡಿಗೂಟವೇ ದೇವರ ಹೆಸರಿನ ಮೊದಲಕ್ಷರ ‘ಅಲಿಫ್’. ಪಾರಸಿ ಗ್ರಂಥ ಓದಲಾರದವರಿಗೂ ಸೂಫಿ ಮಾತು ಹೀಗೆ ಮನೆಯೊಳಗೇ ತಲುಪಿತು. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಹೆಸರಿನಲ್ಲೂ ಒಂದು ಚಕ್ಕಿನಾಮಾ ಇದೆ. ಅದು ಅವರದೇ ಎನ್ನಲು ವಿದ್ವಾಂಸರು ಅನುಮಾನಿಸುತ್ತಾರೆ. ಇರಲಿ, ಬೀಸುವ ಹಾಡಿಗೆ ಅಂಥ ಹೆಸರು ಅಂಟಿದ್ದೇ ಸಣ್ಣ ಮಾತಲ್ಲ.

ಇಂಥ ಬೆರಕೆ ದೂರದ ಆರ್ಕ್ಟಿಕ್‌ನಲ್ಲೂ ಉಂಟು. 19ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಬಂದ ಸ್ಕಾಟ್ ನಾವಿಕರ ಅಕಾರ್ಡಿಯನ್ ಇನುಯಿಟ್ ಜನರ ಕುಣಿತದ ವಾದ್ಯವಾಯಿತು. ಅಲ್ಲಿ ವಾದ್ಯ ಉಳಿದಿದೆ. ಇಲ್ಲಿ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಹಾಡಿಗೆ ಹೊತ್ತೇ ಇಲ್ಲವಾಯಿತು.