ಕಸಿ ರೋಗಿಗಳಲ್ಲಿ ಮಿದುಳಿನ ಶಿಲೀಂಧ್ರ ಸೋಂಕು: ಇತಿಹಾಸ

ಮೂತ್ರಪಿಂಡ, ಯಕೃತ್ತು, ಹೃದಯ ಮುಂತಾದ ಅಂಗಗಳ ಕಸಿ ಮಾಡಿಸಿಕೊಂಡವರನ್ನು ಕಾಡುವ, ಅಪರೂಪದ ಆದರೆ ಮಾರಕವಾದ ಕಾಯಿಲೆಗಳ ಗುಂಪು. ಇವುಗಳಿಗೆ ಕಾರಣವಾದ ಶಿಲೀಂಧ್ರಗಳು ಕಸಿ ಶಸ್ತ್ರಚಿಕಿತ್ಸೆಗಿಂತ ಹಳೆಯವು. ಕ್ರಿಪ್ಟೊಕಾಕಸ್ ಅನ್ನು ಜರ್ಮನಿಯ ಬುಸ್ಸೆ ಮತ್ತು ಬುಷ್ಕೆ 1894ರಲ್ಲಿ ರೋಗಿಯೊಬ್ಬಳ ಕಾಲಿನ ಮೂಳೆಯಲ್ಲಿ ಗುರುತಿಸಿದ್ದರು. ಮಿದುಳಿನಲ್ಲಿ ಕೀವುಗಡ್ಡೆ ಎಬ್ಬಿಸುವ ಕಪ್ಪು ಬೂಷ್ಟು ಕ್ಲಾಡೊಫಿಯಾಲೊಫೊರಾ ಬ್ಯಾಂಟಿಯಾನಾಕ್ಕೆ ಇಟಲಿಯ ವೈದ್ಯ ಬಾಂಟಿಯ ಹೆಸರಿದೆ.

1954ರಲ್ಲಿ ಬಾಸ್ಟನ್‌ನಲ್ಲಿ ಯಶಸ್ವಿಯಾದ ಮೂತ್ರಪಿಂಡ ಕಸಿ ತದ್ರೂಪಿ ಅವಳಿಗಳ ನಡುವೆ ನಡೆದದ್ದು. ರೋಗನಿರೋಧಕ ಶಕ್ತಿಯನ್ನು ಅದುಮುವ ಅಗತ್ಯವೇ ಬೀಳಲಿಲ್ಲ. ಬೇರೆಯವರ ಅಂಗವನ್ನು ದೇಹ ಒಪ್ಪಿಕೊಳ್ಳಲೆಂದು 1960ರ ದಶಕದಲ್ಲಿ ಅಜಾಥಯೊಪ್ರಿನ್ ಮತ್ತು ಸ್ಟೀರಾಯ್ಡ್ ಕೊಡತೊಡಗಿದ ಮೇಲೆ ಅಂಗ ಉಳಿಯಿತು, ಶಿಲೀಂಧ್ರಕ್ಕೂ ದಾರಿಯಾಯಿತು. ಸ್ಟೀರಾಯ್ಡ್ ಜ್ವರವನ್ನೂ ಅಡಗಿಸುವುದರಿಂದ ವಾರಗಟ್ಟಲೆ ಬರೀ ತಲೆನೋವು ಎಂದೇ ದಿನ ಕಳೆಯುತ್ತದೆ. ಅಂಥವರ ಬೆನ್ನಿನಿಂದ ತೆಗೆದ ನೀರಿಗೆ ಇಂಡಿಯಾ ಇಂಕಿನ ಒಂದು ಹನಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಕ್ರಿಪ್ಟೊಕಾಕಸ್ ಕಣದ ಸುತ್ತ ಬೆಳ್ಳಗಿನ ಬಳೆ ಕಾಣುತ್ತದೆ. ಅದು ಮಸಿ ಒಳಹೋಗಲಾರದ ದಪ್ಪ ಕವಚ.

ಈ ಇತಿಹಾಸದ ಅತ್ಯಂತ ಕುತೂಹಲದ ಘಟ್ಟ ಸೈಕ್ಲೊಸ್ಪೊರಿನ್‌ನದು. ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಿಂದ ದೊರೆತ ಇದನ್ನು 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಕಸಿ ರೋಗಿಗಳಿಗೆ ಕೊಟ್ಟರು. ಅದೂ, ಮುಂದೆ ಬಂದ ಟ್ಯಾಕ್ರೊಲಿಮಸ್ ಕೂಡ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ಮನುಷ್ಯನ ಮೈಬಿಸಿಯಲ್ಲಿ ಬೆಳೆಯಲು ಕ್ರಿಪ್ಟೊಕಾಕಸ್‌ಗೂ ಅದೇ ಕಿಣ್ವ ಬೇಕು ಎಂದು 1997ರಲ್ಲಿ ತಿಳಿಯಿತು. ಟ್ಯಾಕ್ರೊಲಿಮಸ್ ಪಡೆಯುವವರಿಗೆ ಈ ಸೋಂಕು ತಗಲಿದರೂ ಅದು ಮಿದುಳಿಗೆ ಹಬ್ಬುವುದು ಕಡಿಮೆ, ಚರ್ಮದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು ಎಂಬುದನ್ನೂ ವೈದ್ಯರು ಗಮನಿಸಿದರು.

ಚಿಕಿತ್ಸೆಯ ಕಥೆ ಅಷ್ಟು ಹಗುರವಲ್ಲ. 1950ರ ದಶಕದ ಆಂಫೊಟೆರಿಸಿನ್ ಬಿ ಜೀವ ಉಳಿಸಿತಾದರೂ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿತ್ತು. ಕಷ್ಟಪಟ್ಟು ಪಡೆದ ಅಂಗವನ್ನೇ ಪಣಕ್ಕಿಡುವ ಔಷಧ ಅದು. 1990ರ ದಶಕದ ಲೈಪೊಸೋಮಲ್ ರೂಪ ಈ ಹಾನಿಯನ್ನು ತಗ್ಗಿಸಿತು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೊರಿಕೊನಜೋಲ್ ಮಿದುಳನ್ನು ಚೆನ್ನಾಗಿ ತಲುಪುತ್ತದೆ. ಆದರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುವುದರಿಂದ ಟ್ಯಾಕ್ರೊಲಿಮಸ್‌ನ ಪ್ರಮಾಣವನ್ನು ಇಳಿಸಲೇಬೇಕು.

ಕಪ್ಪು ಬೂಷ್ಟಿನ ಸೋಂಕು ಇಂದಿಗೂ ಅತಿ ಕಠಿಣ. ಮಿದುಳಿನಲ್ಲಿ ಇಂಥ ಸೋಂಕಾದ 101 ಪ್ರಕರಣಗಳ 2004ರ ಪರಿಶೀಲನೆಯಲ್ಲಿ ಶೇ. 70ಕ್ಕೂ ಹೆಚ್ಚು ಜನ ಸತ್ತಿದ್ದರು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಿರೋಧಕ ಶಕ್ತಿಯ ಕೊರತೆಯೇ ಗೊತ್ತಾಗಿರಲಿಲ್ಲ. ಬ್ಯಾಂಟಿಯಾನಾ ಪ್ರಕರಣಗಳಲ್ಲಿ ದೊಡ್ಡ ಪಾಲು ಭಾರತದಿಂದ ವರದಿಯಾಗಿದೆ. ಗಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಜೊತೆಗೆ ಔಷಧ ಕೊಟ್ಟಾಗ ಬದುಕುವ ಸಾಧ್ಯತೆ ಹೆಚ್ಚು.